ಗಾಡಿ ತಿರುಗಿಸಲು ಜಾಗ ಇಲ್ಲ: ಕಡಲ ದಂಡೆಯ ಒಂದು ಓಣಿಯ ಕಸದ ಪ್ರಕರಣ

ಪ್ರಕರಣ ಚಿಕ್ಕದು. ಉಡುಪಿ ಜಿಲ್ಲೆಯ ಕರಾವಳಿಯಲ್ಲಿ ಒಂದು ಓಣಿ. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ, ನಡುವೆ ಹೊಯ್ಗೆಯ (ಮರಳಿನ) ಪಟ್ಟಿ. ಅದರ ಮೇಲೆ 30ರ ಹತ್ತಿರ ಮನೆಗಳು. 2023ರ ಮಳೆಗಾಲ ಮುಗಿದ ಮೇಲೆ ಪಂಚಾಯ್ತಿಯ ಕಸದ ಗಾಡಿ ಆ ಓಣಿಯೊಳಗೆ ಬರುವುದನ್ನು ನಿಲ್ಲಿಸಿತು. ಮತ್ತೆ ಬರಲು ಶುರುವಾದದ್ದು ಮುಂದಿನ ಬೇಸಿಗೆಯಲ್ಲಿ. ನಡುವೆ ಏನಾಯಿತು, ಯಾರ ಬಳಿ ಹೋದರೆ ಕೆಲಸ ಆಗಲಿಲ್ಲ, ಕೊನೆಗೆ ಯಾವುದರಿಂದ ಆಯಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಊರಿನ ಹೆಸರು, ಪಂಚಾಯ್ತಿಯ ಹೆಸರು, ಜನರ ಹೆಸರು ಯಾವುದನ್ನೂ ಹಾಕಿಲ್ಲ. ಹಾಕಿದರೆ ಓದುವವರು ‘ಓ, ಅವರಾ’ ಅಂತ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನಾನು ಈ ಪ್ರಕರಣದಲ್ಲಿ ಅರ್ಜಿ ಬರೆದುಕೊಟ್ಟವನು, ಅಷ್ಟೇ. ಆ ಓಣಿಯವನಲ್ಲ, ಪಕ್ಕದ ಗ್ರಾಮದವನು.

ಪೇಟೆಯಂತೆ ಕಾಣುವ ಗ್ರಾಮ

ಮೊದಲು ಒಂದು ವಿಷಯ ಹೇಳಬೇಕು. ನಮ್ಮ ಬೀಚ್ ಊರುಗಳು ನೋಡಲಿಕ್ಕೆ ಒಂದೇ ತರ ಕಂಡರೂ ಆಡಳಿತದ ಲೆಕ್ಕದಲ್ಲಿ ಒಂದೇ ಅಲ್ಲ. ಮಲ್ಪೆ ಉಡುಪಿ ನಗರಸಭೆಗೆ ಸೇರಿದೆ. ಉಳ್ಳಾಲಕ್ಕೆ, ಕಾರವಾರಕ್ಕೆ ತಮ್ಮದೇ ನಗರಸಭೆ. ಕಾಪುವಿಗೆ ಪುರಸಭೆ. ಆದರೆ ಈ ಪ್ರಕರಣ ನಡೆಯುವಾಗ ಗೋಕರ್ಣ, ಪಡುಬಿದ್ರಿ, ಮರವಂತೆ ಎಲ್ಲವೂ ಗ್ರಾಮ ಪಂಚಾಯ್ತಿಗಳೇ. ಶನಿವಾರ ಸಂಜೆ ಗೋಕರ್ಣದ ಪೇಟೆಯಲ್ಲಿ ನಿಂತವರಿಗೆ ಇದು ಗ್ರಾಮ ಅಂತ ಅನ್ನಿಸಲು ಸಾಧ್ಯವೇ ಇಲ್ಲ. ಕಡತದಲ್ಲಿ ಮಾತ್ರ ಅದು ಗ್ರಾಮ. ನಾನು ಹೇಳುತ್ತಿರುವ ಊರೂ ಹಾಗೆಯೇ.

ಇದರಿಂದ ಏನು ವ್ಯತ್ಯಾಸ ಅಂತ ಕೇಳಬಹುದು. ಬಹಳ ಇದೆ. ನಗರಸಭೆಯಲ್ಲಿ ಕಸಕ್ಕೆಂದೇ ಪೌರಕಾರ್ಮಿಕರಿರುತ್ತಾರೆ, ಆರೋಗ್ಯ ನಿರೀಕ್ಷಕರಿರುತ್ತಾರೆ, ಪರಿಸರದ ಎಂಜಿನಿಯರ್ ಇರುತ್ತಾರೆ. ಪಂಚಾಯ್ತಿಯಲ್ಲಿ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ಕಾರ್ಯದರ್ಶಿ ಅಥವಾ ಲೆಕ್ಕ ಸಹಾಯಕ, ಬಿಲ್ ಕಲೆಕ್ಟರ್, ಡೇಟಾ ಎಂಟ್ರಿಯವರು, ನೀರು ಬಿಡುವವರು, ಒಬ್ಬಿಬ್ಬರು ಸ್ವಚ್ಛತೆಯವರು. ಮುಗಿಯಿತು. ಮನೆ ತೆರಿಗೆ, ಆಸ್ತಿ ದಾಖಲೆಯ 9 ಮತ್ತು 11ರ ನಮೂನೆ, ಬೀದಿದೀಪ, ಕುಡಿಯುವ ನೀರು, ಉದ್ಯೋಗ ಖಾತರಿ, ಮನೆ ಹಂಚಿಕೆ, ಕಸ ಎಲ್ಲವೂ ಇವರ ಮೇಜಿಗೇ ಬರುತ್ತದೆ.

ಇನ್ನು ದುಡ್ಡು. ಸ್ವಚ್ಛ ಭಾರತ್ ಮಿಷನ್ (ಗ್ರಾಮೀಣ) ಎರಡನೇ ಹಂತದಲ್ಲಿ ಒಣಕಸ, ಹಸಿಕಸದ ವ್ಯವಸ್ಥೆಗೆ ಆಗ ಗ್ರಾಮಗಳಿಗೆ ತಲೆಲೆಕ್ಕದಲ್ಲಿ ಹಣ ಕೊಡುತ್ತಿದ್ದರು. 5,000ದವರೆಗೆ ಜನ ಇರುವ ಗ್ರಾಮಕ್ಕೆ ತಲೆಗೆ 60 ರೂಪಾಯಿವರೆಗೆ. ಅದಕ್ಕಿಂತ ದೊಡ್ಡ ಗ್ರಾಮಕ್ಕೆ ತಲೆಗೆ 45 ರೂಪಾಯಿವರೆಗೆ. ಲೆಕ್ಕ ಮಾಡಿ ನೋಡಿ: 6,000 ಜನರ ಗ್ರಾಮಕ್ಕೆ ಹೆಚ್ಚೆಂದರೆ 2,70,000 ರೂಪಾಯಿ. ಅದೂ ಶೆಡ್ಡು, ಗಾಡಿ, ಗೊಬ್ಬರದ ಗುಂಡಿ ಇಂಥವಕ್ಕೆ, ದಿನದ ಖರ್ಚಿಗಲ್ಲ. 15ನೇ ಹಣಕಾಸು ಆಯೋಗದ ಅನುದಾನ ಬೇರೆ ಇತ್ತು. ಅದರಲ್ಲಿ ಶೇ. 60 ಭಾಗವನ್ನು ನೀರು ಮತ್ತು ನೈರ್ಮಲ್ಯಕ್ಕೆ ಅರ್ಧರ್ಧ ಮೀಸಲಿಡಬೇಕಿತ್ತು. ಆದರೆ ಆ ಹಣವನ್ನು ರಾಜ್ಯಗಳಿಗೆ ಹಂಚುವಾಗಲೂ ತೂಕ ಹೆಚ್ಚಿದ್ದದ್ದು ಜನಸಂಖ್ಯೆಗೆ: ಜನಸಂಖ್ಯೆಗೆ 90, ವಿಸ್ತೀರ್ಣಕ್ಕೆ 10. ಆ ಜನಸಂಖ್ಯೆ ಯಾವುದು? 2011ರ ಜನಗಣತಿಯದು.

ಜನಗಣತಿಯವರು ಮನೆಯಲ್ಲಿ ವಾಸ ಇದ್ದವರನ್ನು ಬರೆದುಕೊಂಡು ಹೋದರು. ಶನಿವಾರ ಬೆಂಗಳೂರಿನಿಂದ ಕಾರಿನಲ್ಲಿ ಬಂದು, ಗಾಳಿಮರದ ನೆರಳಲ್ಲಿ ಬಿರಿಯಾನಿ ತಿಂದು, ಪ್ಲೇಟು ಅಲ್ಲೇ ಬಿಟ್ಟು ಹೋಗುವವರು ಆ ಪಟ್ಟಿಯಲ್ಲಿ ಇಲ್ಲ. ಅವರ ಪ್ಲೇಟು ಮಾತ್ರ ಇಲ್ಲೇ ಇದೆ. ಈ ಓಣಿಯ ಕಥೆಯಲ್ಲಿ ಪಂಚಾಯ್ತಿಯವರ ಸೋಮಾರಿತನಕ್ಕಿಂತ ಈ ಲೆಕ್ಕದ ಪಾಲೇ ದೊಡ್ಡದು ಅಂತ ನನ್ನ ಅಭಿಪ್ರಾಯ.

ಗಾಡಿ ನಿಂತದ್ದು

ಓಣಿಯ ಬಾವಿಗಳ ನೀರು ಮಾರ್ಚ್ ಬಂದರೆ ಉಪ್ಪಾಗುತ್ತದೆ. ಮೊದಲು ಬಟ್ಟೆಗೆ ನೊರೆ ಬರುವುದಿಲ್ಲ, ಆಮೇಲೆ ಅನ್ನಕ್ಕೂ ಆಗುವುದಿಲ್ಲ. ಹಾಗಾಗಿ ಜಲಜೀವನ ಮಿಷನ್‌ನಲ್ಲಿ ಮನೆಮನೆಗೆ ನಲ್ಲಿ ಬರುತ್ತದೆ ಅಂದಾಗ ಎಲ್ಲರಿಗೂ ಖುಷಿ. 2019ರಲ್ಲಿ ಶುರುವಾದ ಈ ಯೋಜನೆಯ ಗುರಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು. ಪೈಪ್ ಹಾಕಲು ಓಣಿಯ ಒಂದು ಬದಿ ಅಗೆದರು. ಯಾರೂ ತಕರಾರು ಮಾಡಲಿಲ್ಲ. ನೀರು ಬರುವಾಗ ರಸ್ತೆ ಯಾರಿಗೆ ಬೇಕು?

ಅಗೆದದ್ದನ್ನು ಮುಚ್ಚಿದರು. ಆದರೆ ಮುಚ್ಚಿದ್ದು ಹೊಯ್ಗೆಯಿಂದ. ಮೊದಲು ಅಲ್ಲಿ ಕೆಂಪುಕಲ್ಲಿನ ಚೂರು ಹಾಕಿ ಗಟ್ಟಿ ಮಾಡಿದ ದಾರಿ ಇತ್ತು. ಆಟೋ, ಗ್ಯಾಸ್ ಗಾಡಿ, ಮೀನಿನ ಟೆಂಪೋ ಎಲ್ಲ ಬರುತ್ತಿದ್ದವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಬದಿ ಕುಸಿಯಿತು. ಕಸದ ಗಾಡಿಯ ಹಿಂದಿನ ಚಕ್ರ ಒಂದು ದಿನ ಅದರಲ್ಲಿ ಹೂತುಹೋಯಿತು. ಓಣಿಯ ಗಂಡಸರು ಸೇರಿ ಎತ್ತಿಕೊಟ್ಟರು. ಇನ್ನೊಂದು ದಿನ ಮತ್ತೆ ಹೂತಾಗ ಎತ್ತಲು ಯಾರೂ ಇರಲಿಲ್ಲ. ಎಲ್ಲರೂ ಕಡಲಿಗೆ ಹೋಗಿದ್ದರು.

ಆ ಗಾಡಿ ಓಡಿಸುವವಳು ಒಬ್ಬ ಹೆಂಗಸು. ನಮ್ಮಲ್ಲಿ ಬಹಳ ಪಂಚಾಯ್ತಿಗಳು ಕಸದ ಕೆಲಸವನ್ನು ಸಂಜೀವಿನಿ ಒಕ್ಕೂಟಕ್ಕೆ ವಹಿಸಿವೆ. ಸ್ವಸಹಾಯ ಸಂಘದ ಹೆಂಗಸರೇ ಡ್ರೈವಿಂಗ್ ಕಲಿತು ‘ಸ್ವಚ್ಛ ವಾಹಿನಿ’ ಓಡಿಸುತ್ತಾರೆ. ಸಂಗ್ರಹಿಸಿದ ಒಣಕಸವನ್ನು ‘ಸ್ವಚ್ಛ ಸಂಕೀರ್ಣ’ದ ಶೆಡ್ಡಿನಲ್ಲಿ ಬೇರೆ ಮಾಡುತ್ತಾರೆ. ಉಡುಪಿ ಜಿಲ್ಲೆಯಲ್ಲಿ ಈ ತರದ ಕೆಲಸಕ್ಕೆ ಒಳ್ಳೆಯ ಮಾದರಿಗಳಿವೆ. ವಂಡ್ಸೆ ಪಂಚಾಯ್ತಿಯ ಕಸ ವಿಲೇವಾರಿ ನೋಡಲು ಹೊರಗಿನವರು ಬರುತ್ತಿದ್ದರು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಹಲವು ಪಂಚಾಯ್ತಿಗಳ ಒಣಕಸಕ್ಕೆ ಒಂದು ದೊಡ್ಡ ಘಟಕವೇ ಇದೆ. ವ್ಯವಸ್ಥೆ ಇಲ್ಲ ಅಂತ ಹೇಳುವ ಹಾಗಿಲ್ಲ. ವ್ಯವಸ್ಥೆ ಇದೆ, ಓಣಿಯ ಬಾಯಿವರೆಗೆ.

ಚಾಲಕಿ ತೀರ್ಮಾನ ಮಾಡಿದಳು: ಇನ್ನು ಗಾಡಿ ಓಣಿಯ ಬಾಯಲ್ಲೇ ನಿಲ್ಲುತ್ತದೆ, ಕಸ ಅಲ್ಲಿಗೇ ತನ್ನಿ. ಕೇಳಲಿಕ್ಕೆ ಸರಿಯಾಗಿಯೇ ಇತ್ತು. ಆದರೆ ಗಾಡಿ ಬರುತ್ತಿದ್ದದ್ದು ಬುಧವಾರ ಮತ್ತು ಶನಿವಾರ ಬೆಳಿಗ್ಗೆ, ಸಮಯ ಒಂದೇ ಇಲ್ಲ. ವಯಸ್ಸಾದವರು ಹೊಯ್ಗೆಯಲ್ಲಿ ಚೀಲ ಹೊತ್ತು ನಡೆಯಬೇಕು. ಗಾಡಿ ತಪ್ಪಿದರೆ ಚೀಲ ವಾಪಸ್ ತರುವವರು ಯಾರು? ಅಲ್ಲೇ ಕಂಬದ ಬುಡದಲ್ಲಿ ಇಟ್ಟು ಬಂದರು. ಒಂದು ಚೀಲ ಕಂಡಲ್ಲಿ ಹತ್ತು ಚೀಲ ಸೇರುವುದಕ್ಕೆ ಎಷ್ಟು ಹೊತ್ತು! ಬೀಚಿಗೆ ಬಂದವರ ಬಾಟಲಿ, ಹೋಂಸ್ಟೇಯವರ ಬೆಡ್‌ಶೀಟ್ ಕವರು, ಯಾರದೋ ಹುಟ್ಟುಹಬ್ಬದ ಥರ್ಮಾಕೋಲು, ಡೈಪರು. ನಾಯಿ, ಕಾಗೆ, ದನ. ದೀಪಾವಳಿ ಹೊತ್ತಿಗೆ ಓಣಿಯ ಬಾಯಿ ಊರಿನ ತಿಪ್ಪೆಯಾಗಿತ್ತು.

ಓಣಿಯವರು ಸಿಟ್ಟಿನಲ್ಲಿ ತಿಂಗಳ ಕಸದ ಶುಲ್ಕ ಕೊಡುವುದನ್ನು ನಿಲ್ಲಿಸಿದರು. ಇದು ಎಲ್ಲ ಕಡೆ ಜನ ಮಾಡುವ ಕೆಲಸ. ‘ಸೇವೆ ಇಲ್ಲ, ದುಡ್ಡೂ ಇಲ್ಲ’ ಅನ್ನುವುದು ನ್ಯಾಯವಾಗಿಯೂ ಕಾಣುತ್ತದೆ. ಆದರೆ ಆ ಶುಲ್ಕ ಹೋಗುವುದು ಒಕ್ಕೂಟದ ಖಾತೆಗೆ. ಗಾಡಿಯ ಹೆಂಗಸಿನ ಸಂಬಳ ಬರುವುದು ಅಲ್ಲಿಂದ. ಶುಲ್ಕ ನಿಂತಾಗ ಪಿಡಿಒಗೆ ಏನೂ ಆಗಲಿಲ್ಲ. ಎರಡು ಓಣಿ ಆಚೆ ಇರುವ ಅವಳಿಗೆ ಸಂಬಳ ತಡವಾಯಿತು. ಅವಳೂ ಇವರ ಮೇಲೆ ಸಿಟ್ಟಾದಳು. ಅಲ್ಲಿಗೆ ಜಗಳ ಓಣಿ ಮತ್ತು ಪಂಚಾಯ್ತಿಯ ನಡುವೆ ಉಳಿಯಲಿಲ್ಲ, ಅಕ್ಕಪಕ್ಕದ ಹೆಂಗಸರ ನಡುವಿನದಾಯಿತು.

ಎಲ್ಲರೂ ನಿಜವನ್ನೇ ಹೇಳಿದರು

ಮೊದಲ ದೂರು ವಾಟ್ಸಾಪಿನಲ್ಲಿ ಹೋಯಿತು, ವಾರ್ಡಿನ ಸದಸ್ಯರಿಗೆ. ಪಂಚಾಯ್ತಿಯಲ್ಲಿ 400 ಜನಕ್ಕೆ ಒಬ್ಬ ಸದಸ್ಯ ಅನ್ನುವುದು ಲೆಕ್ಕ. ಹಾಗಾಗಿ ಸದಸ್ಯರು ಪರಿಚಯದವರೇ ಆಗಿರುತ್ತಾರೆ, ಫೋಟೊ ಕಳಿಸಿದರೆ ಉತ್ತರವೂ ಬರುತ್ತದೆ. ‘ನೋಡ್ತೇನೆ’ ಅಂತ ಬಂತು. ಅವರು ನೋಡಿದರು ಕೂಡ. ಜೆಸಿಬಿ ಕಳಿಸಿ ತಿಪ್ಪೆ ತೆಗೆಸಿದರು. ಮುಂದಿನ ಸೋಮವಾರ ತಿಪ್ಪೆ ಅಲ್ಲೇ ಇತ್ತು.

ಆಮೇಲೆ ಆನ್‌ಲೈನ್ ದೂರು. ಅದಕ್ಕೂ ಒಂದು ಜೆಸಿಬಿ ಬಂತು. ಖಾಲಿಯಾದ ಜಾಗದ ಫೋಟೊ ಹಾಕಿ ‘ಸ್ವಚ್ಛಗೊಳಿಸಲಾಗಿದೆ’ ಅಂತ ದೂರನ್ನು ಮುಚ್ಚಿದರು. ಫೋಟೊ ಸುಳ್ಳಲ್ಲ. ಆ ದಿನ ಅದು ಖಾಲಿಯೇ ಇತ್ತು.

ಪಂಚಾಯ್ತಿಗೆ ಹೋಗಿ ಕೇಳಿದಾಗ ತಿಪ್ಪೆ ಬೀಳುವ ಜಾಗ ನಮ್ಮದಲ್ಲ ಅಂದರು. ಓಣಿ ಪಂಚಾಯ್ತಿಯದು, ಆದರೆ ಓಣಿ ಬಂದು ಸೇರುವ ಬೀಚ್ ರಸ್ತೆ ಲೋಕೋಪಯೋಗಿ ಇಲಾಖೆಯದು. ಕಂಬ ನಿಂತಿರುವುದು ಆ ರಸ್ತೆಯ ಅಂಚಿನಲ್ಲಿ. ಲೋಕೋಪಯೋಗಿಯವರ ಬಳಿ ಹೋದರೆ ರಸ್ತೆ ನಮ್ಮದು, ಕಸ ನಮ್ಮದಲ್ಲ ಅಂದರು. ಬೀಚಿನ ಅಂಗಡಿ, ಪಾರ್ಕಿಂಗ್ ನೋಡಿಕೊಳ್ಳುವವರು ಬೇರೆ. ಅದು ಪ್ರವಾಸೋದ್ಯಮದ ಕಡೆಯದು. ಅವರು ಬೀಚಿನ ಡಬ್ಬಿಗಳನ್ನು ಖಾಲಿ ಮಾಡಿಸುತ್ತಾರೆ, ಓಣಿಗೆ ಬರುವುದಿಲ್ಲ. ಓಣಿಯ ಕೊನೆಯಲ್ಲಿ ಬಲೆ ಒಣಗಿಸುವ ಬಯಲು ಇದೆ. ಅದು ಮೀನುಗಾರರ ಬಳಕೆಯ ಜಾಗ, ಅದರ ವಿಚಾರ ಬಂದರೆ ಮೀನುಗಾರಿಕೆ ಇಲಾಖೆ. ಕಡಲ ಕಡೆಗೆ ಸ್ವಲ್ಪ ಹೋದರೆ ಸಿಆರ್‌ಝಡ್, ಅಂದರೆ ಕಟ್ಟಡಗಳಿಗೆ ನಿರ್ಬಂಧ ಇರುವ ಕರಾವಳಿ ನಿಯಂತ್ರಣ ವಲಯ.

ಇಷ್ಟು ಕಚೇರಿಗಳಲ್ಲಿ ಒಬ್ಬರೂ ಸುಳ್ಳು ಹೇಳಲಿಲ್ಲ ಅನ್ನುವುದನ್ನು ಗಮನಿಸಿ. ಎಲ್ಲರೂ ತಮ್ಮ ಗಡಿಯನ್ನು ಸರಿಯಾಗಿಯೇ ತೋರಿಸಿದರು. ಬೀಚ್ ಊರಿನ ವಿಶೇಷವೇ ಇದು. ಒಳನಾಡಿನ ಹಳ್ಳಿಯಲ್ಲಿ ಒಂದು ಓಣಿಯ ಮೇಲೆ ಇಷ್ಟು ಇಲಾಖೆಗಳ ನೆರಳು ಬೀಳುವುದಿಲ್ಲ. ಇಲ್ಲಿ ಹತ್ತು ಹೆಜ್ಜೆ ನಡೆದರೆ ಮಾಲೀಕರು ಬದಲಾಗುತ್ತಾರೆ.

ನಿಯಮ ಹುಡುಕಿದಾಗ ಸಿಕ್ಕಿದ್ದು ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮ, 2016. ಗ್ರಾಮ ಪಂಚಾಯ್ತಿ ತನ್ನ ವ್ಯಾಪ್ತಿಯ ಪ್ಲಾಸ್ಟಿಕ್ ಕಸಕ್ಕೆ ಹೊಣೆ ಅಂತ ಅದರಲ್ಲಿ ನೇರವಾಗಿ ಇದೆ. ರಸ್ತೆ ಯಾರದು ಅನ್ನುವುದು ಅಲ್ಲಿ ಮುಖ್ಯವಲ್ಲ. ಅದನ್ನು ಅರ್ಜಿಯಲ್ಲಿ ಬರೆದೆವು. ಪಿಡಿಒ ಒಪ್ಪಿಕೊಂಡರು. ಒಪ್ಪಿಕೊಂಡು ಮತ್ತೆ ಜೆಸಿಬಿಯನ್ನೇ ಕಳಿಸಿದರು.

ಕೇಳುವುದೇ ಬದಲಾಯಿತು

ಇಲ್ಲಿ ಪ್ರಕರಣ ತಿರುಗಿತು. ತಿರುಗಿಸಿದ್ದು ನಾನಲ್ಲ, ಕಾನೂನೂ ಅಲ್ಲ. ಓಣಿಯಲ್ಲಿ ಬುಟ್ಟಿ ಹೊತ್ತು ಮೀನು ಮಾರುವ ಒಬ್ಬರು ಅಕ್ಕ ಇದ್ದಾರೆ. ಮುಂದಿನ ಅರ್ಜಿ ಬರೆಯಲು ಕೂತಿದ್ದಾಗ ಅವರು ಕೇಳಿದರು: “ಹ್ವಾಯ್, ಕಸ ತೆಗಿನಿ, ಕಸ ತೆಗಿನಿ ಅಂತ ಎಷ್ಟ್ ಸಲ ಬರುದ್? ಗಾಡಿ ಒಳ್ಗ್ ಬಪ್ಪುಕೆ ಎಂತ ಬೇಕ್, ಅದನ್ನ ಕೇಣಿ.”

ಹೌದಲ್ವಾ? ಅಲ್ಲಿಯವರೆಗಿನ ಎಲ್ಲ ದೂರೂ ತಿಪ್ಪೆಯ ಬಗ್ಗೆ ಇತ್ತು. ತಿಪ್ಪೆಗೆ ಉತ್ತರ ಜೆಸಿಬಿ. ಪ್ರತಿ ಸಲವೂ ಕೇಳಿದ್ದನ್ನೇ ಕೊಟ್ಟಿದ್ದರು. ಗಾಡಿ ಒಳಗೆ ಬರಬೇಕು ಅನ್ನುವುದನ್ನು ಯಾವ ಕಾಗದದಲ್ಲೂ ಬರೆದೇ ಇರಲಿಲ್ಲ.

ಗಾಡಿ ಒಳಗೆ ಬರಲು ಏನು ಬೇಕು ಅಂತ ಗೊತ್ತಿರುವುದು ಒಬ್ಬರಿಗೇ, ಓಡಿಸುವವಳಿಗೆ. ಅವಳನ್ನು ಕರೆಯಲು ಹೋದವರು ಅದೇ ಅಕ್ಕ, ಯಾಕೆಂದರೆ ಬೇರೆಯವರ ಮುಖ ಅವಳು ನೋಡುತ್ತಿರಲಿಲ್ಲ. ಬಂದಳು. ಓಣಿ ಉದ್ದಕ್ಕೂ ನಡೆದಳು. ಹೇಳಿದ್ದು ಎರಡೇ ಮಾತು. ಒಂದು, ಅಗೆದ ಬದಿ ಗಟ್ಟಿಯಾಗಬೇಕು. ಎರಡು, ಕೊನೆಯಲ್ಲಿ ಗಾಡಿ ತಿರುಗಿಸಲು ಜಾಗ ಬೇಕು. ಚಕ್ರ ಹೂತದ್ದು ಎಲ್ಲರಿಗೂ ಗೊತ್ತಿತ್ತು. ಎರಡನೆಯದು ಯಾರಿಗೂ ಹೊಳೆದಿರಲಿಲ್ಲ. ಮೊದಲು ಅವಳು ಬಲೆ ಬಯಲಿನ ಮೂಲೆಯಲ್ಲಿ ಗಾಡಿ ತಿರುಗಿಸುತ್ತಿದ್ದಳಂತೆ. ಆ ಮೂಲೆಯಲ್ಲಿ ಯಾರೋ ಹಳೆಯ ದೋಣಿಯೊಂದನ್ನು ತಂದು ಹಾಕಿದ್ದರು. ಆಮೇಲೆ ಅವಳು ಇಡೀ ಓಣಿಯನ್ನು ಹಿಮ್ಮುಖವಾಗಿ ಬರಬೇಕಾಗುತ್ತಿತ್ತು. ಹಾಗೆ ಬರುವಾಗಲೇ ಚಕ್ರ ಕುಸಿದ ಬದಿಗೆ ಹೋಗಿದ್ದು. ಮಕ್ಕಳು ಆಡುವ ಓಣಿಯಲ್ಲಿ ಹಿಂದೆ ಹಿಂದೆ ಬರಲು ಹೆದರಿಕೆ ಅಂತಲೂ ಹೇಳಿದಳು. ಇಷ್ಟು ತಿಂಗಳು ಅವಳನ್ನು ಯಾರೂ ಇದನ್ನು ಕೇಳಿರಲಿಲ್ಲ.

ದೋಣಿಯ ಕೆಲಸ ಸುಲಭ ಅಂದುಕೊಂಡಿದ್ದೆ. ಅಲ್ಲ. ಅದು ಓಣಿಯ ಒಬ್ಬರು ಅಜ್ಜನದು. ಕಡಲಿಗೆ ಇಳಿಯದೆ ಬಹಳ ಕಾಲ ಆಗಿದೆ, ಹಲಗೆ ಬಿರುಕು ಬಿಟ್ಟಿದೆ. ಆದರೆ ಅವರಿಗೆ ಅದನ್ನು ತೆಗೆಯುವ ಮನಸ್ಸಿಲ್ಲ. ಪಂಚಾಯ್ತಿಯಿಂದ ನೋಟಿಸ್ ಕೊಡಿಸೋಣ ಅಂತ ಕೆಲವರು ಅಂದರು. ಮನೆಯವರು ಬೇಡ ಅಂದರು. ಊರಿನ ಹಿರಿಯರು ಮಾತಾಡಿ, ದೋಣಿಯನ್ನು ಬಯಲಿನ ಇನ್ನೊಂದು ಬದಿಗೆ, ಬಲೆ ಚಪ್ಪರದ ಪಕ್ಕಕ್ಕೆ ಸರಿಸುವುದು ಅಂತ ಆಯಿತು. ಕೈರಂಪಣಿ (ದಡದಿಂದ ಎಳೆಯುವ ದೊಡ್ಡ ಬಲೆ) ಎಳೆಯುವಷ್ಟು ಜನ ಸೇರಿ ಒಂದು ಬೆಳಿಗ್ಗೆ ಅದನ್ನು ಎಳೆದು ಇಟ್ಟರು. ಇದಕ್ಕೆ ಯಾವ ಕಚೇರಿಯ ಸಹಿಯೂ ಬೇಕಾಗಲಿಲ್ಲ.

ರಸ್ತೆಯ ಬದಿಗೆ ಮಾತ್ರ ಸಹಿ ಬೇಕಿತ್ತು. ಹೊಸ ಕಾಮಗಾರಿ ಅಂತ ಕೇಳಿದರೆ ‘ಈ ವರ್ಷದ ಕ್ರಿಯಾಯೋಜನೆ ಆಗಿಹೋಗಿದೆ, ಮುಂದಿನ ವರ್ಷ’ ಅನ್ನುವ ಉತ್ತರ ಖಂಡಿತ. ಅದು ನಿಜವೂ ಹೌದು. ಹಾಗಾಗಿ ಬೇರೆ ದಾರಿ ಹಿಡಿದೆವು. ಪೈಪ್ ಕಾಮಗಾರಿಯ ಅಂದಾಜು ಪಟ್ಟಿಯ ಪ್ರತಿ ಬೇಕು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಉತ್ತರ ಬಂತು. ಅಗೆದ ರಸ್ತೆಯನ್ನು ಮೊದಲಿನ ಸ್ಥಿತಿಗೆ ತರುವುದು ಆ ಪಟ್ಟಿಯಲ್ಲೇ ಒಂದು ಬಾಬ್ತು. ಅಂದರೆ ಕೆಲಸಕ್ಕೆ ಹಣ ಆಗಲೇ ಇತ್ತು, ಕೆಲಸ ಬಾಕಿ ಇತ್ತು. ಹೊಸದಾಗಿ ಏನನ್ನೂ ಮಂಜೂರು ಮಾಡಬೇಕಾಗಿರಲಿಲ್ಲ.

ಈ ಒಂದು ಕಾಗದ ಪಿಡಿಒ ಅವರ ಮುಖವನ್ನೇ ಬದಲಿಸಿತು. ಅವರಿಗೂ ಇದು ಅನುಕೂಲವೇ. ತಮ್ಮ ಖಾತೆಯಿಂದ ಒಂದು ರೂಪಾಯಿ ಹೋಗದೆ ಒಂದು ದೂರು ಮುಗಿಯುತ್ತದೆ. ಗುತ್ತಿಗೆದಾರರಿಗೆ ಅವರೇ ಪತ್ರ ಬರೆದರು, ತಾಲೂಕು ಪಂಚಾಯ್ತಿಗೂ ನೀರು ಸರಬರಾಜಿನ ಎಂಜಿನಿಯರಿಗೂ ಪ್ರತಿ ಹಾಕಿದರು. ಫೆಬ್ರವರಿಯಲ್ಲಿ ಕೆಂಪುಕಲ್ಲಿನ ಚೂರು ಬಂತು. ಕೆಲಸ ಅಷ್ಟೇನೂ ಚೆನ್ನಾಗಿ ಆಗಲಿಲ್ಲ, ಆದರೆ ಚಕ್ರ ಹೂಳುವುದು ನಿಂತಿತು.

ಸೋಮವಾರದ ಪುಸ್ತಕ

ಇದೇ ಹೊತ್ತಿಗೆ ಹೆಂಗಸರು ಇನ್ನೊಂದು ಕೆಲಸ ಶುರುಮಾಡಿದ್ದರು. ಮಕ್ಕಳ ಹಳೆಯ ನೋಟುಪುಸ್ತಕ ತೆಗೆದುಕೊಂಡು ಕಂಬದ ಬುಡದಲ್ಲಿ ಯಾವ ದಿನ ಎಷ್ಟು ಚೀಲ, ಯಾವ ತರದ ಕಸ ಅಂತ ಬರೆದಿಟ್ಟರು. ತೂಕ ಇಲ್ಲ, ಲೆಕ್ಕ ಒರಟು. ಆದರೂ ಕೆಲವೇ ವಾರಗಳಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ಗುರುವಾರ ಅಲ್ಲಿ ಇರುವುದು ಓಣಿಯವರದೇ ಕಸ, ಅದೂ ಕಡಿಮೆ. ಸೋಮವಾರ ಬೆಳಿಗ್ಗೆ ಅದರ ಎಷ್ಟೋ ಪಟ್ಟು, ಹೆಚ್ಚಿನದು ಪ್ಲೇಟು, ಲೋಟ, ಬಿಯರ್ ಬಾಟಲಿ, ನೀರಿನ ಬಾಟಲಿ.

ಈಗ ಗಾಡಿಯ ದಿನ ನೋಡಿ: ಬುಧವಾರ, ಶನಿವಾರ. ಶನಿವಾರ ಬೆಳಿಗ್ಗೆ ಗಾಡಿ ಹೋಗುತ್ತದೆ, ಮಧ್ಯಾಹ್ನ ಪ್ರವಾಸಿಗಳು ಬರುತ್ತಾರೆ. ಅವರ ಕಸ ಬುಧವಾರದವರೆಗೆ ಕೂತಿರುತ್ತದೆ. ಈ ದಿನಗಳನ್ನು ಗೊತ್ತು ಮಾಡಿದವರು ಬೀಚ್ ಇಲ್ಲದ ಊರಿನ ವೇಳಾಪಟ್ಟಿಯನ್ನೇ ಹಾಕಿದ್ದರು.

ವಾರ್ಡ್ ಸಭೆಯಲ್ಲಿ ಈ ಪುಸ್ತಕ ಇಟ್ಟರು. ನಮ್ಮ ಕಡೆ ಗ್ರಾಮಸಭೆಗೆ ಮೊದಲು ವಾರ್ಡ್ ಸಭೆ ಆಗುತ್ತದೆ. ಅಲ್ಲಿಗೆ ಬರುವವರು ಕಡಿಮೆ, ಮಾತಾಡಲು ಸಮಯ ಜಾಸ್ತಿ. ಏನಾದರೂ ಬೇಕಿದ್ದರೆ ಅಲ್ಲಿ ಹೇಳುವುದೇ ಒಳ್ಳೆಯದು ಅಂತ ನನ್ನ ಅನುಭವ. ಗ್ರಾಮಸಭೆಯಲ್ಲಿ ಇಲಾಖೆಯವರ ಮಾಹಿತಿ ಭಾಷಣ ಮುಗಿಯುವಾಗಲೇ ಊಟದ ಹೊತ್ತಾಗಿರುತ್ತದೆ. ವಾರ್ಡ್ ಸಭೆಯಲ್ಲಿ ಗಾಡಿಯ ದಿನವನ್ನು ಸೋಮವಾರ ಮತ್ತು ಶುಕ್ರವಾರಕ್ಕೆ ಬದಲಿಸಲು ಒಪ್ಪಿದರು. ಒಂದು ಪೈಸೆ ಖರ್ಚಿಲ್ಲ. ಇಡೀ ಪ್ರಕರಣದಲ್ಲಿ ತಿಪ್ಪೆಯನ್ನು ಎಲ್ಲಕ್ಕಿಂತ ಹೆಚ್ಚು ಇಳಿಸಿದ್ದು ಈ ಬದಲಾವಣೆ.

ನೆಂಟರ ಹೋಂಸ್ಟೇ

ಗ್ರಾಮಸಭೆಗೆ ಬಂದದ್ದು ಶುಲ್ಕದ ಜಗಳ. ಇದು ಹೆಚ್ಚು ಕಷ್ಟದ್ದು, ಯಾಕೆಂದರೆ ಇಲ್ಲಿ ಎದುರಿಗೆ ಇದ್ದವರು ಅಧಿಕಾರಿಗಳಲ್ಲ.

ಓಣಿಯ ಕೆಲವು ಮನೆಗಳಲ್ಲಿ ಕೋಣೆ ಬಾಡಿಗೆಗೆ ಕೊಡುತ್ತಾರೆ. ಮಗ ಮುಂಬೈಯಲ್ಲೋ ದುಬೈಯಲ್ಲೋ ದುಡಿದು ಮಾಡಿಸಿದ ಮಹಡಿ, ಮೊಬೈಲ್ ಆ್ಯಪಿನಲ್ಲಿ ಬುಕಿಂಗ್. ಪಂಚಾಯ್ತಿಯ ಪುಸ್ತಕದಲ್ಲಿ ಇವೆಲ್ಲ ವಾಸದ ಮನೆಗಳು. ಕಸದ ಶುಲ್ಕವೂ ಮನೆಯ ದರದಲ್ಲೇ. ಶನಿವಾರ ಎಂಟು ಜನ ಗಿರಾಕಿಗಳಿರುವ ಮನೆಗೂ, ಒಬ್ಬಳೇ ಅಜ್ಜಿ ಇರುವ ಮನೆಗೂ ಒಂದೇ ದರ. ಅಂಗಡಿ, ಹೋಟೆಲು, ವಸತಿಗೃಹಕ್ಕೆ ಬೇರೆ ದರ ಇದೆ. ಆದರೆ ಹೋಂಸ್ಟೇ ಅಂತ ಬರೆಸಿದರೆ ತಾನೇ ಆ ದರ?

ಬರೆಸಲು ಅವರು ಹೆದರುತ್ತಿದ್ದರು. ದುಡ್ಡಿನ ಹೆದರಿಕೆ ಸ್ವಲ್ಪ. ಸಿಆರ್‌ಝಡ್ ಹೆದರಿಕೆ ಜಾಸ್ತಿ. ವ್ಯಾಪಾರ ಅಂತ ಒಂದು ಕಾಗದ ಹುಟ್ಟಿದರೆ ನಾಳೆ ಯಾರಾದರೂ ಬಂದು ಮನೆಯನ್ನೇ ಕೆಡವಿದರೆ? ಕಡಲ ದಂಡೆಯಲ್ಲಿ ಇರುವವರಿಗೆ ಈ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. 2019ರ ಸಿಆರ್‌ಝಡ್ ಅಧಿಸೂಚನೆಯ ಪ್ರಕಾರ, 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇದ್ದ ಗ್ರಾಮೀಣ ಕರಾವಳಿಯಲ್ಲಿ ಭರತದ (ಉಬ್ಬರದ) ಗೆರೆಯಿಂದ 50 ಮೀಟರ್, ಅದಕ್ಕಿಂತ ಕಡಿಮೆ ಇದ್ದಲ್ಲಿ 200 ಮೀಟರ್ ಜಾಗದಲ್ಲಿ ಹೊಸ ಕಟ್ಟಡಕ್ಕೆ ನಿರ್ಬಂಧ ಇದೆ. ಇಲ್ಲೂ ಮತ್ತೆ ಅದೇ ಜನಗಣತಿ.

ಆದರೆ ಅದೇ ಅಧಿಸೂಚನೆಯಲ್ಲಿ ಇನ್ನೊಂದು ಮಾತೂ ಇದೆ. ಮೀನುಗಾರರೂ ಸೇರಿದಂತೆ ಸ್ಥಳೀಯರು ತಮ್ಮ ಈಗಿನ ಮನೆಯ ತಳಪಾಯದ ಅಳತೆ, ವಿನ್ಯಾಸ, ಮುಂಭಾಗ ಬದಲಿಸದೆ ಹೋಂಸ್ಟೇ ನಡೆಸಬಹುದು. ಈ ಸಾಲನ್ನು ಕನ್ನಡದಲ್ಲಿ ಬರೆದು ಓಣಿಯಲ್ಲಿ ಹಂಚಿದೆವು. ಹಳೆಯ ಮನೆಯಲ್ಲೇ ಕೋಣೆ ಕೊಡುವವರಿಗೆ ಧೈರ್ಯ ಬಂತು. ಹೊಸ ಮಹಡಿ ಏರಿಸಿದವರಿಗೆ ಬರಲಿಲ್ಲ, ಬರಬೇಕಾದ್ದೂ ಇಲ್ಲ.

ಗ್ರಾಮಸಭೆಯಲ್ಲಿ ಮಾತು ಬಿಸಿಯಾಯಿತು. ಓಣಿಯ ಒಬ್ಬರು, ತಮ್ಮ ಸ್ವಂತ ಭಾವನ ಹೋಂಸ್ಟೇ ಬಗ್ಗೆ ಎದ್ದು ನಿಂತು ಕೇಳಿದರು: “ಭಾವ, ನಿಮ್ಮನೆ ಕಸ ಎಷ್ಟು, ಗಿರಾಕಿ ಕಸ ಎಷ್ಟು, ನೀವೇ ಹೇಳಿ ಮಾರಾಯ್ರೆ.” ಸಭೆ ನಕ್ಕಿತು. ಭಾವ ನಗಲಿಲ್ಲ. ಇಬ್ಬರ ಮನೆಯವರೂ ಆಮೇಲೆ ಒಂದು ಹಬ್ಬಕ್ಕೆ ಪರಸ್ಪರ ಹೋಗಲಿಲ್ಲ ಅಂತ ಕೇಳಿದ್ದೇನೆ. ಸ್ಥಳೀಯ ಆಡಳಿತದ ಬಗ್ಗೆ ಬರೆಯುವವರು ‘ಸಮುದಾಯದ ಭಾಗವಹಿಸುವಿಕೆ’ ಅಂತ ಸಲೀಸಾಗಿ ಹೇಳುತ್ತಾರೆ. ಅದರ ಬೆಲೆ ಹೀಗೂ ಇರುತ್ತದೆ.

ಕೊನೆಗೆ ಬಾಡಿಗೆ ಕೋಣೆಯ ಲೆಕ್ಕದಲ್ಲಿ ಶುಲ್ಕ ಅಂತ ನಿರ್ಣಯ ಆಯಿತು. ವಾಸದ ಮನೆಯವರು ಬಾಕಿ ಕಟ್ಟುವುದು, ಗಾಡಿ ಓಣಿಯೊಳಗೆ ಬರುವುದು, ಎರಡೂ ಒಂದೇ ವಾರದಿಂದ. ಬಾಕಿ ವಸೂಲಿಗೆ ಬಿಲ್ ಕಲೆಕ್ಟರ್ ಜೊತೆ ಚಾಲಕಿಯೂ ಹೋದಳು. ಅವಳೆದುರು ಇಲ್ಲ ಅನ್ನಲು ಹೆಚ್ಚಿನವರಿಗೆ ಬಾಯಿ ಬರಲಿಲ್ಲ.

ಉಳಿದದ್ದು

ಮುಂದಿನ ಮಳೆಗಾಲದವರೆಗೆ ಗಾಡಿ ವಾರಕ್ಕೆ ಎರಡು ಸಲ ಸರಿಯಾಗಿ ಬಂತು. ಕಂಬದ ಬುಡ ಪೂರ್ತಿ ಸ್ವಚ್ಛ ಆಗಲಿಲ್ಲ. ಭಾನುವಾರ ರಾತ್ರಿ ಈಗಲೂ ಚೀಲ ಬೀಳುತ್ತದೆ, ಸೋಮವಾರ ಹೋಗುತ್ತದೆ. ಹೋಂಸ್ಟೇಗಳಲ್ಲಿ ಹಳೆಯ ಮನೆಯವರು ಕೋಣೆಯ ಶುಲ್ಕ ಕಟ್ಟುತ್ತಿದ್ದಾರೆ. ಹೊಸ ಮಹಡಿಯವರು ‘ನಾವು ಬಾಡಿಗೆ ಕೊಡುವುದಿಲ್ಲ’ ಅನ್ನುತ್ತಾರೆ. ಆ್ಯಪಿನಲ್ಲಿ ಅವರ ಮನೆಯ ಫೋಟೊ ಇದೆ. ಪಂಚಾಯ್ತಿ ಅದನ್ನು ನೋಡಿಯೂ ಸುಮ್ಮನಿದೆ. ಒತ್ತಾಯ ಮಾಡಿದರೆ ಸಿಆರ್‌ಝಡ್ ಪ್ರಶ್ನೆ ಎದ್ದು ಓಣಿಯ ಅರ್ಧ ಮನೆಗಳಿಗೆ ತೊಂದರೆ ಅಂತ ಸದಸ್ಯರ ಲೆಕ್ಕ. ನನಗೆ ಈ ಲೆಕ್ಕ ಇಷ್ಟವಾಗುವುದಿಲ್ಲ, ಆದರೆ ತಪ್ಪು ಅಂತ ಹೇಳಲೂ ಆಗುವುದಿಲ್ಲ.

ಡೈಪರ್ ಮತ್ತು ಪ್ಯಾಡಿಗೆ ಇನ್ನೂ ದಾರಿ ಇಲ್ಲ. ಗಾಡಿಯವರು ತೆಗೆದುಕೊಳ್ಳುವುದಿಲ್ಲ. ಜನ ಹೊಯ್ಗೆಯಲ್ಲಿ ಹೂಳುತ್ತಾರೆ, ನಾಯಿ ತೆಗೆಯುತ್ತದೆ.

ಇನ್ನು ಕಡಲಿನ ಕಸ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಆ ತಿಂಗಳುಗಳಲ್ಲಿ ಮೀನಿಗೆ ಹೋಗುವವರು ಕಡಿಮೆ, ಕಡಲಿನಿಂದ ಬರುವ ಕಸ ಜಾಸ್ತಿ. ಘಟ್ಟದ ಕೆಳಗಿನ ಊರುಗಳಿಂದ ಹೊಳೆಯಲ್ಲಿ ಬಂದದ್ದು, ಹರಿದ ಬಲೆ, ಒಂಟಿ ಚಪ್ಪಲಿ, ಬಾಟಲಿ ಎಲ್ಲವನ್ನೂ ಅಲೆ ತಂದು ದಂಡೆಯ ಮೇಲೆ ಹಾಕುತ್ತದೆ. ಯುವಕ ಸಂಘದವರು ಹೆಕ್ಕಿ ರಾಶಿ ಮಾಡುತ್ತಾರೆ. ಹೊಯ್ಗೆ, ಉಪ್ಪು ಸೇರಿದ ಪ್ಲಾಸ್ಟಿಕನ್ನು ಗುಜರಿಯವರು ಮುಟ್ಟುವುದಿಲ್ಲ, ಶೆಡ್ಡಿನವರಿಗೂ ಬೇಡ. ಒಣಕಸದ ಲೆಕ್ಕದಲ್ಲಿ ಅದು ಯಾವ ಮನೆಯದೂ ಅಲ್ಲ, ಶುಲ್ಕ ಕೊಡುವವರೂ ಇಲ್ಲ. ಇದಕ್ಕೆ ಅರ್ಜಿ ಬರೆಯಲು ಮತ್ತೆ ಕರೆದಿದ್ದಾರೆ. ಯಾವ ಇಲಾಖೆಯ ಹೆಸರಿಗೆ ಬರೆಯುವುದು ಅಂತ ತೀರ್ಮಾನ ಆಗಿಲ್ಲ. ಮೀನಿನ ಅಕ್ಕ ಮಾತ್ರ ಹಳೆಯ ಪುಸ್ತಕದಲ್ಲೇ ಹೊಸ ಪುಟ ತೆಗೆದು, ಯಾವ ವಾರ ಅಲೆ ಎಷ್ಟು ತಂದು ಹಾಕಿತು ಅಂತ ಬರೆಸಲು ಶುರುಮಾಡಿದ್ದಾರೆ.